ಬಂದರಿಗೆ ಹೋದವಳ ಎಲೆ

ಯಾರ ಮನೆಗೆ ಹೋದರೂ ನಾನು ಬಾಗಿಲಿನ ಹತ್ತಿರ ನಿಂತು ತಟ್ಟುವುದಿಲ್ಲ. ದೂರದಿಂದಲೇ ಕೊಡೆ ಚಾಚಿ ಅದರ ತುದಿಯಿಂದ ತಟ್ಟುತ್ತೇನೆ, ತಟ್ಟಿದ ಕೂಡಲೇ ಮೂರು ಹೆಜ್ಜೆ ಹಿಂದೆ ಸರಿಯುತ್ತೇನೆ. ಬೇಸಿಗೆಯಲ್ಲೂ ಕೊಡೆ ಬಿಟ್ಟು ಹೋಗುವುದಿಲ್ಲ. ಗುರುತಿನವರು ಒಳಗಿನಿಂದಲೇ ಕೂಗುತ್ತಾರೆ: "ಕೊಡೆ ಬಂತು, ಟೀಚರ್ ಹಿಂದಿನಿಂದ ಬರ್ತಾರೆ." ಕೂಗಲಿ, ನಗಲಿ. ನಾನೂ ನಗುತ್ತೇನೆ. ಆ ಮಧ್ಯಾಹ್ನ ಅಜ್ಜಿಯ ಅಂಗಳದಲ್ಲಿ ಹಿಡಿದ ನಗು ಇನ್ನೂ ಪೂರ್ತಿ ಬಿಟ್ಟಿಲ್ಲ. ಕೈ ನಡುಗುವುದೂ ಬಿಟ್ಟಿಲ್ಲ. ಎರಡೂ ಒಂದೇ ಗಳಿಗೆಯಲ್ಲಿ ಬಂದವು, ಜೊತೆಯಾಗಿಯೇ ಉಳಿದುಬಿಟ್ಟವು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎ. ಮುಗಿಸಿ ಮಂಗಳೂರು ಪೇಟೆಯ ಒಂದು ಕಾನ್ವೆಂಟ್ ಶಾಲೆಯಲ್ಲಿ ಹುಡುಗಿಯರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆ ಕಾವೂರು ಕೆರೆಯ ಆಚೆ ಬದಿ. ಅಮ್ಮ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರಿಂದ ಸಾಕಿದ್ದು ಅಮ್ಮನ ತಾಯಿ, ನನ್ನ ಅಜ್ಜಿ. ಮನೆಯಲ್ಲಿ ಅಜ್ಜಿ, ಅಜ್ಜಿಯ ಮಗ ಅಂದರೆ ನನ್ನ ಸೋದರಮಾವ, ಮಾವನ ಹೆಂಡತಿ ಅತ್ತೆ, ಅವರ ನಾಲ್ಕು ಮಕ್ಕಳು. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಜ್ಜಿ ಕೇಳಿದ್ದರೆ "ಇದು ನಾನು ಹೇಳಿದ್ದಾ? ಪೇಪರಿನವರು ಹೇಳಿದ ಹಾಗುಂಟು" ಎನ್ನುತ್ತಿದ್ದಳು.

ಒಂದು ದಿನ ನಮ್ಮ ಹೆಡ್‌ಮಿಸ್ಟ್ರೆಸ್ ಮದರ್ ನನ್ನನ್ನು ಕರೆಸಿದರು. ಕೊಂಕಣಿ ಮನೆಯಿಂದ ಬಂದ ಸನ್ಯಾಸಿನಿ, ಕನ್ನಡವನ್ನು ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು. ಅಮೇರಿಕದಿಂದ ಒಬ್ಬ ಹೆಂಗಸು ಬರುತ್ತಾಳೆ, ಅವಳೂ ಶಾಲೆಯಲ್ಲಿ ಕಲಿಸುವವಳು, ತನ್ನ ವಂಶದ ಮೂಲ ಹುಡುಕುತ್ತಿದ್ದಾಳೆ, ಮೂಲ ಮಂಗಳೂರಿನಲ್ಲಿ ಇದೆಯಂತೆ, ಎಂದರು.

"ಅಮೇರಿಕದವರ ಮೂಲ ಇಲ್ಲಿ ಎಂತಕ್ಕೆ, ಮದರ್?"

"ನನಗೇನು ಗೊತ್ತು ಟೀಚರ್? ನಮ್ಮವರೆಲ್ಲ ಗೋವೆಯಿಂದ ಬಂದವರು. ಇಲ್ಲಿಂದ ಹೋದವರು ನಿಮ್ಮವರೇ ಇರಬೇಕು. ನೀವೇ ನೋಡಿಕೊಳ್ಳಿ."

ಬಜ್ಪೆಯಲ್ಲಿ ವಿಮಾನ ಇಳಿಯುವುದೇ ಆಗ ಒಂದು ತಮಾಷೆ. ನಾನೂ ಮದರೂ ಮಲ್ಲಿಗೆ ಮಾಲೆ ಹಿಡಿದು ನಿಂತಿದ್ದೆವು. ಇಳಿದವರಲ್ಲಿ ಬಿಳಿ ಹೆಂಗಸು ಒಬ್ಬಳೇ. ಮದರ್ ಓಡಿಹೋಗಿ ಅವಳಿಗೆ ಮಾಲೆ ಹಾಕಿಯೇಬಿಟ್ಟರು. ಅವಳು ಕಾಫಿ ತೋಟದ ದೊರೆಯ ಹೆಂಡತಿ, ಮಾಲೆ ಹಾಕಿಸಿಕೊಂಡು ಖುಷಿಯಿಂದ ಕಾರು ಹತ್ತಿ ಹೋದಳು. ಅಷ್ಟರಲ್ಲಿ ನನ್ನ ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು. ತಿರುಗಿದೆ. ಎತ್ತರದ, ಅಗಲ ಭುಜದ, ನನ್ನದೇ ಮೈಬಣ್ಣದ, ಗುಂಗುರು ಕೂದಲಿನ ಹೆಂಗಸು. ಐವತ್ತರ ಹತ್ತಿರದ ಪ್ರಾಯ. "ನನ್ನನ್ನು ಕಾಯುತ್ತಿರುವವರು ನೀವಿರಬೇಕು. ಮಾಲೆ ಚೆನ್ನಾಗಿತ್ತು," ಎಂದಳು. ಮದರ್ ಮುಖ ಕೆಂಪಾಯಿತು. ಆಕೆ ಮಾತ್ರ ಎಷ್ಟು ನಕ್ಕಳೆಂದರೆ, ಪೆಟ್ಟಿಗೆ ಹೊರುವವನೂ ಕಾರಣ ತಿಳಿಯದೆ ನಗತೊಡಗಿದ.

ಸಂಜೆ ಕಾನ್ವೆಂಟಿನ ಅತಿಥಿ ಕೋಣೆಯಲ್ಲಿ ಆಕೆ ಒಂದು ಕಾಗದ ಬಿಡಿಸಿದಳು. ಹಳೆಯ ಕೋರ್ಟಿನ ದಾಖಲೆಯ ನಕಲು. ಅಮೇರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದ ಕಾಲದ್ದು. ತಂಬಾಕು ಬೆಳೆಯುವ ಒಂದು ಸೀಮೆಯಲ್ಲಿ ಗುಲಾಮಳಾಗಿ ದುಡಿಯುತ್ತಿದ್ದ ಒಬ್ಬ ಹೆಂಗಸು ತನ್ನ ಯಜಮಾನನ ಮೇಲೆ ಕೋರ್ಟಿಗೆ ಹೋಗಿದ್ದಳು. ಅವಳ ವಾದ ಇಷ್ಟು: ನನ್ನ ತಾಯಿಯ ತಾಯಿ ಗುಲಾಮಳಲ್ಲ, ಹಿಂದೂಸ್ಥಾನದ ಮಂಗಳೂರಿನ ಬಂದರಿನಿಂದ ಹಡಗಿನಲ್ಲಿ ಒಯ್ದ ಸ್ವತಂತ್ರ ಹೆಂಗಸು, ಆದ್ದರಿಂದ ನನ್ನ ತಾಯಿಯೂ ಸ್ವತಂತ್ರಳು, ನಾನೂ. ಅಲ್ಲಿಯ ಕಾನೂನಿನಲ್ಲಿ ತಾಯಿ ಏನೋ ಮಗುವೂ ಅದೇ. ತಂದೆ ಯಾರೆಂದು ಕೋರ್ಟು ಕೇಳಲೇ ಇಲ್ಲ.

ನನ್ನ ಬಾಯಿಂದ ತಟ್ಟನೆ ಬಂತು: "ಇದು ನಮ್ಮ ಅಳಿಯಸಂತಾನವೇ ಅಲ್ಲವಾ!"

ನಮ್ಮಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ಮನೆಯ ಭೂಮಿ ಹೆಣ್ಣುಮಕ್ಕಳ ಮಕ್ಕಳಿಗೆ ಹೋಗುತ್ತದೆ ಎಂದು ವಿವರಿಸಿದೆ. ಆಕೆ ಕಾಗದ ಮಗುಚಿಟ್ಟು, "ನಿಮಗೆ ತಾಯಿಯಿಂದ ಭೂಮಿ ಬಂತು. ನಮಗೆ ತಾಯಿಯಿಂದ ಬೇಡಿ ಬರುತ್ತಿತ್ತು. ಇವಳೊಬ್ಬಳಿಂದ ಬಿಡುಗಡೆ ಬಂತು," ಎಂದಳು. ಕಾಗದದ ಹಿಂದೆ ಬೇರೆ ಬೇರೆ ಕೈಬರಹದಲ್ಲಿ ಒಂದರ ಕೆಳಗೊಂದು ಹೆಸರುಗಳಿದ್ದವು, ಎಲ್ಲ ಹೆಂಗಸರದೇ. ಕೊನೆಯದು ಆಕೆಯ ತಾಯಿಯದು. ಆ ತಾಯಿಗೆ ಎಂಬತ್ತು ದಾಟಿದೆ, ಹಾಸಿಗೆ ಬಿಟ್ಟು ಹೆಚ್ಚು ಏಳುವುದಿಲ್ಲ. ಪಟ್ಟಿಯ ಮೂಲದಲ್ಲಿರುವ ಆ ಮಂಗಳೂರಿನವಳು ಯಾವ ಮನೆಯವಳು ಎಂದು ಸಾಯುವ ಮೊದಲು ತಿಳಿಯಬೇಕೆಂದು ಮಗಳನ್ನು ಕಳಿಸಿದ್ದಾಳೆ. ಆಕೆಗೆ ಇಲ್ಲಿ ಇರಲಿಕ್ಕೆ ಇದ್ದದ್ದು ಹತ್ತೇ ದಿನ.

ಎರಡು ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಳೆ ಪುಸ್ತಕಗಳನ್ನು ತಿರುವಿದೆವು. ಧೂಳು ಬಿಟ್ಟರೆ ಏನೂ ಸಿಗಲಿಲ್ಲ. ಮೂರನೆಯ ದಿನ ನಾನು ಆ ಕೋರ್ಟಿನ ಕಾಗದವನ್ನು ಪೂರ್ತಿ ಓದಿದೆ. ಕೊನೆಯಲ್ಲಿ ನೆರೆಮನೆಯ ಒಬ್ಬ ಮುದುಕಿಯ ಸಾಕ್ಷಿ ಇತ್ತು. ಹಡಗಿನಲ್ಲಿ ಬಂದ ಆ ಹೆಂಗಸನ್ನು ತಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ ಎಂದಿದ್ದಳು. ಅವಳು ವರ್ಷಕ್ಕೊಮ್ಮೆ ನೆಲದ ಮೇಲೆ ಎಲೆ ಹಾಸಿ ತನ್ನ ಸತ್ತ ತಾಯಂದಿರಿಗೆ ಊಟ ಬಡಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ತಾನೂ ಹೊರಗೆ ನಿಲ್ಲುತ್ತಿದ್ದಳು. ಆಮೇಲೆ ತನ್ನದೇ ಮನೆಯ ಬಾಗಿಲನ್ನು ಮೂರು ಸಲ ತಟ್ಟಿ, ಕೆಮ್ಮಿ, ಒಳಗೆ ಹೋಗುತ್ತಿದ್ದಳು. ಊರಿನವರು ಮಾಟಗಾತಿ ಎನ್ನುತ್ತಿದ್ದರು.

ಕಾಗದ ಹಿಡಿದುಕೊಂಡೇ ಕಾನ್ವೆಂಟಿನ ಓಣಿಯಲ್ಲಿ ಓಡಿದೆ. ನಾನು ಕಲಿಸುವ ಹುಡುಗಿಯರ ಎದುರೇ ಓಡಿದೆ. ಯಾಕೆಂದರೆ ನಮ್ಮ ಅಜ್ಜಿ ಮಳೆಗಾಲದ ಆಟಿ ತಿಂಗಳಿನಲ್ಲಿ ಸತ್ತ ಹಿರಿಯರಿಗೆ, ನಾವು ಕುಲೆಗಳು ಎನ್ನುವವರಿಗೆ, ಬಡಿಸುವುದು ಹೀಗೆಯೇ. ಎಲೆ ಇಡುವುದು, ಬಾಗಿಲು ಮುಚ್ಚುವುದು, ಹೊರಗೆ ಕಾಯುವುದು. ಉಣ್ಣುವವರಿಗೆ ಗಾಬರಿಯಾಗದ ಹಾಗೆ ತಟ್ಟಿ ಕೆಮ್ಮಿ ಒಳಗೆ ಹೋಗುವುದು. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಇಡುತ್ತಿದ್ದದ್ದು ಆರು ಎಲೆ. ಐದಕ್ಕೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದಳು. ಆರನೆಯದನ್ನು ಬಾಗಿಲಿನ ಹತ್ತಿರ ಇಟ್ಟು, "ಬಂದರಿಗೆ ಹೋದವಳಿಗೆ" ಎನ್ನುತ್ತಿದ್ದಳು. ಹೆಸರಿಲ್ಲ.

ನಾನು ಬಿ.ಎ. ಓದಿದವಳು. ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ತುಳುನಾಡಿನಲ್ಲಿ ಹೀಗೆ ಬಡಿಸುವ ಮನೆ ನಮ್ಮದೊಂದೇ ಅಲ್ಲ. ಆದರೆ ಆಗ ನನಗೆ ಇಪ್ಪತ್ತಮೂರು. ಅಮೇರಿಕ ಕಾವೂರಿಗೆ ಬಂದಿದೆ, ಅದೂ ನಮ್ಮ ಅಂಗಳಕ್ಕೇ! ಅದೇ ಮಧ್ಯಾಹ್ನ ಆಕೆಯನ್ನು ಬಸ್ಸು ಹತ್ತಿಸಿದೆ.

ಅಜ್ಜಿ ಕಣ್ಣಿನ ಮೇಲೆ ಕೈಯಿಟ್ಟು ನೋಡಿದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಆಶ್ಚರ್ಯವೇನೂ ಪಡಲಿಲ್ಲ. "ಹೌದು. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ಮನೆಯ ಹುಡುಗಿ ಅಕ್ಕಿ ಹೊತ್ತುಕೊಂಡು ಬಂದರಿಗೆ ಹೋದವಳು ವಾಪಸ್ಸು ಬರ್ಲಿಲ್ಲ. ಸತ್ತಳೋ ಬದುಕಿದಳೋ ಗೊತ್ತಿಲ್ಲ ಅಂತ ಎಲೆ ಬಾಗಿಲ ಹತ್ರ ಇಡುವುದು, ಬಂದರೆ ಸುಲಭ ಆಗ್ಲಿ ಅಂತ." ಆಮೇಲೆ ಆಕೆಯ ಕಾಲು ನೋಡಿದಳು. "ಇಷ್ಟು ವರ್ಷ ಎಲ್ಲಿ ಇದ್ದದ್ದು? ಚಪ್ಪಲಿ ಹೊರಗೆ ಬಿಡು ಮಗಳೇ."

ಅನುವಾದಿಸಿ ಹೇಳಿದೆ. ಆಕೆ ಅಂಗಳದಲ್ಲಿಯೇ ಕುಕ್ಕರಿಸಿ ಕುಳಿತು ಬೂಟಿನ ಲೇಸು ಬಿಚ್ಚಿದಳು. ಎಳೆದ ರಭಸಕ್ಕೆ ಗಂಟು ಬಿಗಿಯಾಯಿತು. ಅಜ್ಜಿಯೇ ಬಗ್ಗಿ ಬಿಡಿಸಿದಳು.

ಮಾವ ಗದ್ದೆಯಿಂದ ಬಂದದ್ದು ಆಗ. ಹೊಸ ಕಾನೂನುಗಳು ಬಂದು ಅಳಿಯಸಂತಾನದ ಮನೆಗಳಲ್ಲೆಲ್ಲ ಪಾಲಿನ ಮಾತು ಎದ್ದಿದ್ದ ಕಾಲ. ಯಾರಿಗೆ ಯಾವ ಕೋಣೆ, ಯಾರಿಗೆ ಯಾವ ಗದ್ದೆ ಎಂಬುದೇ ಮಾವನಿಗೆ ಹಗಲಿರುಳಿನ ಚಿಂತೆ. ಚಾವಡಿಯ ಪಕ್ಕದ ದೊಡ್ಡ ಕೋಣೆಯ ಮಣ್ಣಿನ ಗೋಡೆ ಬಿರುಕು ಬಿಟ್ಟು ಎರಡು ಮಳೆಗಾಲ ಕಳೆದಿತ್ತು. "ಆ ಕೋಣೆ ಯಾರ ಪಾಲಿಗೋ ಏನೋ, ನಾನು ಯಾಕೆ ಮಣ್ಣು ಮೆತ್ತಲಿ?" ಎಂದು ಬಿಟ್ಟಿದ್ದರು. ಈಗ ಜಗಲಿಯಲ್ಲಿ ಕುಳಿತು ಬೆಲ್ಲ ಕಚ್ಚಿ ನೀರು ಕುಡಿಯುತ್ತಿದ್ದ ಅಮೇರಿಕದಾಕೆಯನ್ನು ನೋಡಿದರು, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ತಾಯಿಯ ತಾಯಿಯ ತಾಯಿ ಅಂತ ಲೆಕ್ಕ ಉಂಟಾ ಅವಳ ಹತ್ರ? ನಡುವೆ ಗಂಡಸು ಇಲ್ವಾ?"

"ಒಬ್ಬನೂ ಇಲ್ಲ ಮಾವ."

"ಅಯ್ಯೋ ದೇವರೇ!" ಎಂದು ಕಡೆಯುವ ಕಲ್ಲಿನ ಮೇಲೆ ಕುಳಿತೇಬಿಟ್ಟರು. "ಪಾಲಿಗೆ ಬಂದದ್ದು ಮಾರಾಯ್ತಿ! ನನ್ನ ನಾಲ್ಕು ಮಕ್ಕಳಿಗೆ ಈ ಮನೆಯಲ್ಲಿ ಹಕ್ಕಿಲ್ಲ, ಅವರು ಅವರ ಅಮ್ಮನ ಮನೆಯವರು. ಈ ಅಮೇರಿಕದವಳಿಗೆ ಉಂಟು!"

ಅತ್ತೆ ಮೀನು ಕೊಯ್ಯುತ್ತಿದ್ದವರು ತಲೆಯೆತ್ತದೆ ಹೇಳಿದರು: "ಅವಳಾದರೂ ಆ ಗೋಡೆ ರಿಪೇರಿ ಮಾಡಿಸ್ತಾಳೋ ಏನೋ."

ನಾನು ನಕ್ಕದ್ದು ತಪ್ಪಾಯಿತು. ಮಾವ ನೇರ ಜಗಲಿಗೆ ಬಂದು, ಎದೆ ಉಬ್ಬಿಸಿ, "ಇವಳ ಬರಿ ಎಂತ ಕೇಳು" ಎಂದರು. ಬರಿ ಎಂದರೆ ತಾಯಿಯಿಂದ ಬರುವ ಕುಲದ ಹೆಸರು, ತುಳುವರಿಗೆ ಅದಿಲ್ಲದೆ ನೆಂಟಸ್ತಿಕೆ ಇಲ್ಲ. ಆಕೆಗೆ ಹೇಗೆ ಗೊತ್ತಿರಬೇಕು? ತಲೆ ಅಲ್ಲಾಡಿಸಿದಳು. ಮಾವನ ಮುಖ ಅರಳಿತು. "ಬರಿ ಇಲ್ಲದವಳು ನಮ್ಮವಳು ಹೇಗೆ?"

"ನಿನ್ನನ್ನು ಸಂತೆಯಲ್ಲಿ ಬಿಟ್ಟುಬಂದಿದ್ದರೆ ನಿನಗೆ ನೆನಪಿರ್ತಿತ್ತಾ?" ಎಂದಳು ಅಜ್ಜಿ. "ಬರಿ ಮರೆತರೆ ತಾಯಿ ಬದಲಾಗ್ತಾಳಾ? ಬರುವ ಅಮಾವಾಸ್ಯೆಗೆ ಎಲೆ ಇಡುವ ದಿನ. ಬಂದರಿಗೆ ಹೋದವಳ ಎಲೆ ಇವಳೇ ಇಡ್ಲಿ. ಹಿರಿಯರಿಗೆ ಬೇಡದಿದ್ದರೆ ಅವರೇ ತೋರಿಸ್ತಾರೆ."

ಅಮಾವಾಸ್ಯೆ ಆಕೆ ಹೊರಡುವ ಮುನ್ನಾದಿನ ಬಿತ್ತು. ಒಂದೇ ಅವಕಾಶ. ಬಾಗಿಲು ತೆರೆದಾಗ ಎಲೆ ಕದಲದೆ ಇದ್ದರೆ ಒಪ್ಪಿಗೆ, ಮಗುಚಿ ಬಿದ್ದಿದ್ದರೆ ಇಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಆಕೆಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಅಮ್ಮನಿಗೆ ಏನೆಂದು ಹೇಳಲಿ ಎಂಬುದು ಒಂದು ಎಲೆಯ ಮೇಲೆ ನಿಂತಿದೆ ಅನ್ನು," ಎಂದಳು.

ನಾಲ್ಕು ದಿನ ಬಿಡದೆ ಹೊಡೆದ ಮಳೆ ಅಮಾವಾಸ್ಯೆಯ ಬೆಳಿಗ್ಗೆ ನಿಂತಿತು. ಬಿಸಿಲೂ ಬಂತು. ಅತ್ತೆ ಕೋಳಿ ಸಾರು, ಅಕ್ಕಿ ರೊಟ್ಟಿ, ಪತ್ರೊಡೆ ಮಾಡಿದ್ದರು. ಆಕೆ ಅಜ್ಜಿಯ ಸೀರೆಯೊಂದನ್ನು ಉಟ್ಟಿದ್ದಳು. ಅಜ್ಜಿ ನಾಲ್ಕಡಿ ಎಂಟಂಗುಲ, ಆಕೆ ಆರಡಿಯ ಹತ್ತಿರ. ಸೀರೆ ಮೊಣಕಾಲಿನ ಕೆಳಗೆ ನಿಂತಿತ್ತು. ಮಕ್ಕಳು ನೆಲದ ಮೇಲೆ ಹೊರಳಾಡಿ ನಕ್ಕರು. ಮಾವ ಮಾತ್ರ ಕಾಣಲಿಲ್ಲ. "ವೀಳ್ಯ ಮುಗಿದಿತ್ತು, ಅಂಗಡಿಗೆ ಹೋದರು," ಎಂದರು ಅತ್ತೆ.

ದೊಡ್ಡ ಕೋಣೆಯಲ್ಲಿ ಅಜ್ಜಿ ಹೆಸರು ಕೂಗುತ್ತ ಐದು ಎಲೆ ಇಟ್ಟಳು. ಆರನೆಯದನ್ನು ಆಕೆ ಇಟ್ಟಳು, ಬಾಗಿಲಿನ ಹತ್ತಿರ. ರೊಟ್ಟಿ ಮುರಿದು ಹಾಕಿ, ಅದರ ಮೇಲೆ ಸಾರು ಬಡಿಸಿ, ಎದ್ದಳು. ದೀಪ ಬಿಟ್ಟು ಎಲ್ಲರೂ ಹೊರಗೆ ಬಂದೆವು. ಅಜ್ಜಿ ಬಾಗಿಲು ಎಳೆದುಕೊಂಡಳು.

ಒಂದು ಎಲೆ ಅಡಿಕೆ ಜಗಿದು ಮುಗಿಯುವಷ್ಟು ಹೊತ್ತು ಕಾಯುವುದು ಕ್ರಮ. ಅಜ್ಜಿ ಅಂಗಳದ ತುಳಸಿಕಟ್ಟೆಯ ಹತ್ತಿರ ಕುಳಿತು ಜಗಿಯುತ್ತಿದ್ದಳು. ಉಗಿದು, ನನ್ನ ಕಡೆ ಗಲ್ಲ ಅಲ್ಲಾಡಿಸಿದಳು: "ಹೋಗು, ತಟ್ಟು."

ನಾನು ಜಗಲಿ ಹತ್ತಿ ಹೊಸ್ತಿಲಿನ ಎದುರು ನಿಂತೆ. ಇಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಕೈ ಎತ್ತಿದ್ದೆ. ಬೆರಳಿನ ಗಂಟು ಬಾಗಿಲಿಗೆ ಒಂದು ಗೇಣು ದೂರ ಇತ್ತು. ಬಾಗಿಲಿನ ಮೇಲಿನ ಕುಂಕುಮದ ಬೊಟ್ಟು, ಅದರ ಕೆಳಗೆ ಒಂದು ಗೆದ್ದಲಿನ ಗೆರೆ, ಇವತ್ತಿಗೂ ಕಣ್ಣೆದುರು ಇದೆ. ಆಗ ಆಕೆ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದಳು.

"ನಾನು ತಟ್ಟಬಹುದೇ? ಅವಳು ತಟ್ಟುತ್ತಿದ್ದಳಲ್ಲ."

ಹೂಂ ಎಂದಿದ್ದರೆ? ಹಾಗೆ ಅನ್ನುವುದೇ ಸಹಜವಾಗಿತ್ತು. ಆದರೆ ಕ್ರಮದ ವಿಷಯದಲ್ಲಿ ಅಜ್ಜಿಯನ್ನು ಕೇಳದೆ ಹೆಜ್ಜೆಯಿಡುವ ಧೈರ್ಯ ನನಗಿರಲಿಲ್ಲ. "ಬನ್ನಿ, ಕೇಳೋಣ," ಎಂದು ಆಕೆಯ ಕೈ ಹಿಡಿದೇ ಜಗಲಿ ಇಳಿದೆ. ಒಂದು ಹೆಜ್ಜೆ. ಎರಡು. ಮೂರನೆಯ ಹೆಜ್ಜೆ ಅಂಗಳದಲ್ಲಿ ಇಡುವಾಗ ಹಿಂದೆ ಯಾರೋ ದೊಡ್ಡದಾಗಿ ನಿಟ್ಟುಸಿರು ಬಿಟ್ಟ ಹಾಗೆ ಕೇಳಿಸಿತು.

ಗೋಡೆ ಕೂತಿತು. ಬಿದ್ದಿತು ಎನ್ನಲಾರೆ, ದಣಿದ ಎಮ್ಮೆ ಮಲಗುವ ಹಾಗೆ ಮೊಣಕಾಲೂರಿ ಕೂತಿತು. ಅದರ ಜೊತೆ ತೊಲೆ, ಪಕ್ಕಾಸು, ಹೆಂಚಿನ ಸಾಲು ಎಲ್ಲ ಒಂದೇ ಸಲಕ್ಕೆ. ಬಾಗಿಲಿನ ಮೇಲಿನ ಮರದ ಅಡ್ಡ ನಾನು ನಿಂತಿದ್ದ ಜಾಗಕ್ಕೆ, ಸರಿಯಾಗಿ ಅಲ್ಲಿಗೇ, ಬಂದು ಬಿದ್ದಿತು. ಹೊಸ್ತಿಲಿನ ಕಲ್ಲು ಎರಡಾಯಿತು. ಕೆಂಪು ಧೂಳು ಎದ್ದು ನಮ್ಮನ್ನೆಲ್ಲ ಮುಚ್ಚಿತು. ಒಂದು ಹೆಂಚು ಮಾತ್ರ ನಿಧಾನವಾಗಿ ಉರುಳಿಬಂದು, ಜಗಲಿಯ ಮೆಟ್ಟಿಲು ಒಂದೊಂದಾಗಿ ಇಳಿದು, ನನ್ನ ಕಾಲಿನ ಹತ್ತಿರ ಮಲಗಿತು.

ಮಕ್ಕಳು ಅತ್ತೆಯ ಸೆರಗಿಗೆ ಅಂಟಿಕೊಂಡರು. ಅಷ್ಟರಲ್ಲಿ, ಒಳಗಿನಿಂದ, ಮರದ ಮೇಲೆ ಬಡಿದ ಸದ್ದು.

ಟಕ್. ಟಕ್. ಟಕ್.

ಇಷ್ಟು ವರ್ಷ ನಾವು ಹೊರಗಿನಿಂದ ತಟ್ಟಿದ್ದೆವು, ಒಳಗಿನಿಂದ ಯಾರೂ ತಟ್ಟಿರಲಿಲ್ಲ. ಅಜ್ಜಿ ಎದ್ದು ಕೈ ಮುಗಿದಳು. "ಬಂದಳು," ಎಂದಳು. ಅಮೇರಿಕದಾಕೆ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಒಡೆಯಿತು. ನನ್ನ ತಲೆ ಗಿರ್ರೆಂದು ತಿರುಗುತ್ತಿತ್ತು. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದ ನಾನು ಕುಲೆಗೆ ಯಾವ ಭಾಷೆಯಲ್ಲಿ ಉತ್ತರ ಕೊಡಬೇಕು, ಅವಳಿಗೆ ಈಗ ತುಳು ಮರೆತಿರಬಹುದಲ್ಲ, ಎಂದು ಯೋಚಿಸುತ್ತಿದ್ದೆ. ನಿಜಕ್ಕೂ ಯೋಚಿಸುತ್ತಿದ್ದೆ.

ಆಮೇಲೆ ಕೆಮ್ಮು ಬಂತು. ಉದ್ದದ, ಗೊರಗೊರ ಎನ್ನುವ, ಕೊನೆಯಲ್ಲಿ ಕ್ಯಾಕರಿಸುವ ಕೆಮ್ಮು.

"ಕುಲೆ ಅಲ್ಲ ಎಂತದೂ ಅಲ್ಲ!" ಎಂದು ಅತ್ತೆ ಚೀರಿದರು. "ಅದು ಇವರ ಬೀಡಿ ಕೆಮ್ಮು!"

ಕೋಣೆಯ ಮೂಲೆಯಲ್ಲಿ ಭತ್ತ ತುಂಬಿಸುವ ಮರದ ದೊಡ್ಡ ಪೆಟ್ಟಿಗೆ, ಪತ್ತಾಯ, ಇತ್ತು. ತೊಲೆ ಬಂದು ಅದರ ಮೇಲೆ ಓರೆಯಾಗಿ ನಿಂತಿತ್ತು. ಪತ್ತಾಯಕ್ಕೂ ಬಾಗಿಲಿಗೂ ನಡುವೆ ನಾಯಿ ತೂರುವಷ್ಟು ಸಂದು. ಅದರೊಳಗಿನಿಂದ ಮಾವನ ಸ್ವರ: "ನಾನು ಇದ್ದೇನೆ... ಎಳೆಯಿರಿ ಮಾರಾಯ್ರೇ..."

ಅತ್ತೆ ಮಕ್ಕಳನ್ನು ನೆರೆಯವರನ್ನು ಕರೆಯಲು ಓಡಿಸಿದರು. ಆದರೆ ತೊಲೆ ಕಿರ್ ಕಿರ್ ಎನ್ನುತ್ತಿತ್ತು, ಕಾಯುವ ಹಾಗಿರಲಿಲ್ಲ. ಅಮೇರಿಕದಾಕೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಮಣ್ಣು ಹತ್ತಿ, ವಾಲಿದ ದಾರಂದದ, ಅಂದರೆ ಬಾಗಿಲ ಚೌಕಟ್ಟಿನ, ಕೆಳಗೆ ಭುಜ ಕೊಟ್ಟು ನಿಂತಳು. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. "ಬೇಗ!" ಎಂದಳು. ಅತ್ತೆ ಒಂದು ಕೈ, ನಾನು ಒಂದು ಕೈ. ಮೇಲಿನಿಂದ ಹೆಂಚು ಒಂದೊಂದೇ ಜಾರುತ್ತಿತ್ತು. ಒಂದು ನನ್ನ ಕಿವಿಯ ಪಕ್ಕದಿಂದ ಹೋಯಿತು. ಅದರ ಗಾಳಿ ತಾಗಿತು. ಒಂದು ಬೆರಳಿನಷ್ಟು ಆಚೆ ವಾಲಿದ್ದರೆ, ಎಂದು ಈಗಲೂ ತರಗತಿಯ ಮಧ್ಯೆ ನೆನಪಾಗಿ ಸೀಮೆಸುಣ್ಣ ಕೈಯಿಂದ ಬೀಳುತ್ತದೆ. ಎಳೆದೆವು. ಮಾವ ಹೆರಿಗೆಯಾದ ಹಾಗೆ ತಲೆ ಮೊದಲು ಹೊರಗೆ ಬಂದರು. ನಾಲ್ವರೂ ಅಂಗಳಕ್ಕೆ ಉರುಳಿದೆವು. ಹಿಂದೆ ದಾರಂದ ಕುಸಿದ ಸದ್ದು.

ಮಾವ ಮೇಲಿಂದ ಕೆಳಗಿನವರೆಗೆ ಕೆಂಪು ಮಣ್ಣು. ಕಣ್ಣೆರಡೇ ಬಿಳಿ. ಹಣೆಯಲ್ಲಿ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಎಡಗೈ ಮುಷ್ಟಿ ಮಾತ್ರ ಬಿಗಿಯಾಗಿತ್ತು. ಅಜ್ಜಿ ಬಂದು ಬೆರಳು ಬಿಡಿಸಿದಳು. ಒಳಗೆ ಬಾಳೆ ಎಲೆಯ ಒಂದು ಮೂಲೆ, ಸಾರಿನಲ್ಲಿ ನೆನೆದ ರೊಟ್ಟಿಯ ತುಂಡು, ಕೋಳಿಯ ಕಾಲು.

"ವೀಳ್ಯ ಇದಾ?" ಎಂದಳು ಅಜ್ಜಿ.

ಮಾವ ಎಲ್ಲ ಒಪ್ಪಿಕೊಂಡರು. ಕೇಳದ್ದನ್ನೂ ಒಪ್ಪಿಕೊಂಡರು. ಪತ್ತಾಯದ ಹಿಂದೆ ಅಡಗಿದ್ದು, ಬಾಗಿಲು ಮುಚ್ಚಿದ ಮೇಲೆ ಹೊರಬಂದು ಆರನೆಯ ಎಲೆ ಮಗುಚಲಿಕ್ಕೆ ಕೈ ಹಾಕಿದ್ದು. "ಕೈ ಹಾಕಿದ್ದೇ ಉಂಟು ಅಮ್ಮ, ಗೋಡೆಯಿಂದ ಮಣ್ಣು ಉದುರ್ಲಿಕ್ಕೆ ಶುರು. ಎಲೆ ಸಮೇತ ಪತ್ತಾಯದ ಹತ್ರ ಹಾರಿದೆ. ಅವಳು ನಮ್ಮವಳೇ. ಸಂಶಯ ಇಲ್ಲ. ಎಷ್ಟು ಪಾಲು ಬೇಕು ಕೇಳು, ಕೊಟ್ಟುಬಿಡುವ."

"ಮೊದಲು ಸ್ನಾನ ಮಾಡು. ಪಾಲು ಆಮೇಲೆ."

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಅತ್ತೆಯೇ ಇರಬೇಕು. ಆಮೇಲೆ ನಿಲ್ಲಲಿಲ್ಲ. ಗುದ್ದಲಿ ಹಿಡಿದು ಓಡಿಬಂದ ನೆರೆಯವರು, ಕುಸಿದ ಮನೆಯ ಎದುರು ಮಣ್ಣಿನಲ್ಲಿ ಹೊರಳಾಡಿ ನಗುವ ಹೆಂಗಸರನ್ನು ನೋಡಿ, ನಮಗೆ ಬುದ್ಧಿ ಕೆಟ್ಟಿದೆಯೆಂದು ದೂರವೇ ನಿಂತರು. ನಾನು ಪಕ್ಕೆ ಹಿಡಿದುಕೊಂಡು ನಗುತ್ತಿದ್ದೆ, ಹಲ್ಲು ಕಟಕಟ ಎನ್ನುತ್ತಿತ್ತು. ಆಕೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುವಾಗ ಪಾಲಿನ ಮಾತಿಗೆ ಬಂದೆ. ಆಕೆ ಭುಜ ಉಜ್ಜಿಕೊಳ್ಳುತ್ತ, ಕಣ್ಣೀರು ಒರೆಸುತ್ತ, "ಮುರಿದ ಆ ಹೊಸ್ತಿಲಿನ ಒಂದು ಚೂರು ಸಾಕು ಎಂದು ಹೇಳು," ಎಂದಳು. ಮಾವ ಸ್ನಾನಕ್ಕೂ ಹೋಗದೆ ದೊಡ್ಡ ಚೂರನ್ನೇ ಹುಡುಕಿ ತಂದರು.

ಆದರೆ ಆರನೆಯ ಎಲೆ ಹೋಗಿತ್ತು. ಒಪ್ಪಿಗೆಯೋ ಅಲ್ಲವೋ ನೋಡುವಂತಿರಲಿಲ್ಲ. ಆಕೆಯ ನಗು ನಿಂತು ಮುಖ ಸಣ್ಣದಾಯಿತು. ಅಜ್ಜಿಗೆ ಅನುವಾದ ಬೇಕಾಗಲಿಲ್ಲ. ಅತ್ತೆಯಿಂದ ಹೊಸ ಎಲೆ ತರಿಸಿ, ದನದ ಹಟ್ಟಿಯ ಪಕ್ಕದ ಒಣಗಿದ ಜಾಗದಲ್ಲಿ, ಆಕಾಶದ ಕೆಳಗೆ ಇಟ್ಟಳು. "ಅವಳ ಹೆಸರು ಎಂತ ಕೇಳು. ಕೋರ್ಟಿಗೆ ಹೋದವಳದ್ದು. ಅಲ್ಲಿಂದ ಇವಳ ಅಮ್ಮನವರೆಗೆ ಎಲ್ಲ ಹೇಳಲಿ."

ಆಕೆ ಕಾಗದ ನೋಡದೆ ಹೇಳಿದಳು. ಒಂದೊಂದು ಹೆಸರಿಗೂ ಅಜ್ಜಿ ಒಂದೊಂದು ತುತ್ತು ಹಾಕಿದಳು, ಹೆಸರನ್ನು ತನ್ನ ಬಾಯಿಗೆ ಬಂದ ಹಾಗೆ ತಿರುಗಿ ಕೂಗಿದಳು. ಕೊನೆಯ ಹೆಸರಿಗೆ, "ಇವಳು ಬದುಕಿದ್ದಾಳಲ್ವಾ? ಹಾಗಾದರೆ ಇದು ನೀನೇ ತಿನ್ನು," ಎಂದು ತುತ್ತನ್ನು ಆಕೆಯ ಬಾಯಿಗೇ ಇಟ್ಟಳು.

ಮರುದಿನ ಬಜ್ಪೆಯಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ನಿಜ ಹೇಳಿಬಿಟ್ಟೆ. ಹೀಗೆ ಬಡಿಸುವ ಮನೆಗಳು ಇಲ್ಲಿ ಎಷ್ಟೋ ಇವೆ, ಮರಳಿ ಬಾರದವರಿಗೆ ಎಲೆ ಇಡುವ ಮನೆಗಳೂ ಇರಬಹುದು, ನಿಮ್ಮವಳು ನಮ್ಮ ಮನೆಯವಳೇ ಎಂದು ನಾನು ಸಾಧಿಸಲಾರೆ. ಆಕೆ ಹೊಸ್ತಿಲಿನ ಚೂರನ್ನು ಕೈಚೀಲದೊಳಗೆ ಸರಿಪಡಿಸುತ್ತ ಹೇಳಿದಳು: "ಕೋರ್ಟು ನೆರೆಮನೆಯ ಮುದುಕಿಯೊಬ್ಬಳ ಮಾತು ನಂಬಿ ಬಿಡುಗಡೆ ಕೊಟ್ಟಿತು. ನಾನು ನಿನ್ನ ಅಜ್ಜಿಯ ಮಾತು ನಂಬಬಾರದೇ?" ಈ ಸಲ ಮದರ್ ಮಾಲೆಯನ್ನು ಸರಿಯಾದ ಕೊರಳಿಗೇ ಹಾಕಿದರು.

ಮಾವ ಆ ಮಳೆಗಾಲ ಮುಗಿಯುವ ಮೊದಲೇ ಪಾಲಿನ ಮಾತೆತ್ತದೆ ಗೋಡೆ ಕಟ್ಟಿಸಿದರು, ಅದೂ ಕೆಂಪು ಕಲ್ಲಿನಲ್ಲಿ. ಹೆದರಿಕೆ ಆರಿದ ಮೇಲೆ ಒಂದು ಸಂಜೆ ನನ್ನ ಹತ್ತಿರ ಬಂದು ಕುಳಿತು, ಸ್ವರ ತಗ್ಗಿಸಿ ಕೇಳಿದರು: "ಅಲ್ಲ ಮಗಾ, ಅವಳು ನಮ್ಮವಳು ಅಂತ ಆಯ್ತಲ್ಲ. ಹಾಗಾದರೆ ಅಮೇರಿಕದಲ್ಲಿ ಅವಳ ಜಾಗ ಉಂಟಲ್ಲ, ಅದರಲ್ಲಿ ನಿನಗೂ ಪಾಲು ಉಂಟಲ್ವಾ? ಒಂದು ಕಾಗದ ಬರೆದು ನೋಡು."

ಆ ಕಾಗದ ನಾನು ಬರೆಯಲಿಲ್ಲ. ಆಕೆಯದೇ ಬಂತು, ಕ್ರಿಸ್ಮಸ್ ಕಳೆದು. ಅವರ ಊರಿನಲ್ಲಿ ಬಾಳೆ ಎಲೆ ಸಿಗದೆ ಎಲೆಕೋಸಿನ ಹೊರ ಎಲೆಗಳನ್ನು ಇಟ್ಟಳಂತೆ, ಹೆಸರಿಗೊಂದು. ಹೊಸ್ತಿಲಿನ ಚೂರನ್ನು ಮೊದಲ ಎಲೆಯ ಹತ್ತಿರ ಇಟ್ಟು ಬಾಗಿಲು ಮುಚ್ಚಿದಳಂತೆ. ಹಾಸಿಗೆ ಬಿಟ್ಟು ಏಳದ ತಾಯಿ ಕಂಬಳಿ ಹೊದ್ದು, ಮಗಳ ತೋಳು ಹಿಡಿದು ಹೊರಗೆ ಬಂದು, ಹಿಮದಲ್ಲಿ ನಿಂತಳಂತೆ. ತಾನೇ ತಟ್ಟುತ್ತೇನೆ ಎಂದು ಹಟ ಮಾಡಿ ಮೂರು ಸಲ ತಟ್ಟಿ, ಕೆಮ್ಮಿ, ಆಮೇಲೆ ಬಾಗಿಲು ತೆರೆಯಲು ಬಿಡಲಿಲ್ಲವಂತೆ. "ಇನ್ನೂ ಸ್ವಲ್ಪ ಉಣ್ಣಲಿ, ಬಹಳ ದೂರದಿಂದ ಬಂದಿದ್ದಾರೆ," ಎಂದು ನಗತೊಡಗಿ, ನಕ್ಕು ನಕ್ಕು ಮೆಟ್ಟಿಲಿನ ಮೇಲೆ ಕುಳಿತಳಂತೆ.

ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಎಲೆಕೋಸು ಎಂದಾಗ ಮೂಗು ಮುರಿದಳು. ಹಿಮ ಎಂದರೆ ಏನೆಂದು ಎರಡು ಸಲ ಕೇಳಿದಳು. ಪೂರ್ತಿ ಮುಗಿದ ಮೇಲೆ ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತು, ಕತ್ತರಿ ನಿಲ್ಲಿಸಿ ಹೇಳಿದಳು:

"ಉತ್ತರ ಬರೀತಿಯಲ್ಲ, ಅವಳ ಮನೆಯ ಗೋಡೆ ಗಟ್ಟಿ ಉಂಟಾ ಕೇಳು."